ಕಟಕ ರೊಟ್ಟಿ ಮತ್ತು ಕೀಲಿಕೈ

ಆ ಮಳೆಗಾಲದಲ್ಲಿ ನಾನು ಯಾರ ಹಸಿವನ್ನೂ ಹಿಂಗಿಸಲಿಲ್ಲ. ನೀರು ನುಗ್ಗಿ ಮನೆ ಕಳೆದುಕೊಂಡವರ ಮುಂದೆ ಒಂದು ಬುಟ್ಟಿ ಒಣ ರೊಟ್ಟಿ ಇಟ್ಟು ಬಂದೆ, ಅವರಿಗೆ ಅದು ಬೇಕಾಗಿರಲಿಲ್ಲ. ಕೊನೆಗೆ ತಿಂದರು ನಿಜ. ನನ್ನನ್ನು ಶಾಲೆ ಬಿಡಿಸಬಾರದು ಅಂತ ತಿಂದರು. ಆದದ್ದು ಇಷ್ಟು. ಮೊಮ್ಮಗಳು ಹೇಳಿಕೊಂಡು ಬಂದದ್ದು ಬೇರೆ. ಮಣಿಕೊಂಡದ ಅವಳ ಶಾಲೆಯಲ್ಲಿ ಈ ಸಲ ಅವಳನ್ನು ಲೀಡರ್ ಮಾಡಿದ್ದಾರೆ, ಹೆಗಲಿಗೆ ನೀಲಿ ಪಟ್ಟಿ ಹಾಕಿದ್ದಾರೆ. ಮನೆಯಲ್ಲಿ ಯಾರಾದರೂ ಸಮಾಜಸೇವೆ ಮಾಡಿದ್ದರೆ ಹೇಳಿ ಅಂದಾಗ ಇವಳು ಎದ್ದು ನಿಂತು, ನಮ್ಮಜ್ಜಿ ಚಿಕ್ಕವಳಿದ್ದಾಗಲೇ ಪ್ರವಾಹದಲ್ಲಿ ಸಿಕ್ಕವರಿಗೆ ಅನ್ನ ಹಾಕಿ ಉಳಿಸಿದಳು ಅಂದಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅದು ಅನ್ನವೂ ಆಗಿರಲಿಲ್ಲ, ಯಾರೂ ಉಳಿಯಲೂ ಇಲ್ಲ, ಸಾಯಲೂ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೆಯ ಇಯತ್ತೆವರೆಗೆ. ಅಕ್ಷರ ತಪ್ಪಿದರೆ ಮಗಳು ತಿದ್ದಲಿ, ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಆಗ ನಮ್ಮ ಮನೆ ಇದೇ ನಿಜಾಮನ ಊರಿನ ಸುಲ್ತಾನ್ ಬಜಾರಿನ ಹಿಂದಿನ ಒಂದು ಓಣಿಯಲ್ಲಿತ್ತು. ಮನೆ ಅಂದರೆ ಒಂದು ಖೋಲಿ. ಒಂದೇ ಅಂಗಳದ ಸುತ್ತ ಅಂಥ ಖೋಲಿಗಳು ಸಾಲಾಗಿದ್ದವು, ಎಲ್ಲದರಲ್ಲೂ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕನ್ನಡದವರು. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು. ಮಳೆ ಬಂದರೆ ತಗಡಿನ ಸಪ್ಪಳಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಹಾಗಾಗಿ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಜಗಳ ಕಡಿಮೆ. ಅಪ್ಪ ಗೌಂಡಿ, ಗೋಡೆ ಕಟ್ಟುತ್ತಿದ್ದ. ಅವ್ವ ಅದೇ ಕಟ್ಟಡದಲ್ಲಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಇಬ್ಬರೂ ಬೆಳಕು ಹರಿಯುತ್ತಲೇ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಶಾಲೆ ಇಲ್ಲದ ದಿನ ಮಧ್ಯಾಹ್ನ ಬುತ್ತಿ ಒಯ್ಯುವ ಕೆಲಸ ನನ್ನದು. ಅಪ್ಪ ಮೂರನೆಯ ಅಂತಸ್ತಿನ ಸಾರುವೆಯ ಮೇಲೆ ಇರುತ್ತಿದ್ದ. ಕೆಳಗೆ ನಿಂತು ಅಷ್ಟು ಸದ್ದಿನಲ್ಲಿ ಕೂಗಬೇಕು. ನನ್ನ ಗಂಟಲು ತಯಾರಾದದ್ದು ಅಲ್ಲಿ.

ಮನೆ ನಡೆಸುತ್ತಿದ್ದವಳು ಆಯಿ, ಅಪ್ಪನ ತಾಯಿ. ಅವಳ ಆಳ್ವಿಕೆ ಇದ್ದದ್ದು ಒಂದು ಬುಟ್ಟಿಯ ಮೇಲೆ. ಖೋಲಿಯ ನಡುವೆ ಜಂತಿಗೆ ಹಗ್ಗ ಕಟ್ಟಿ ಅದನ್ನು ತೂಗುಬಿಟ್ಟಿದ್ದಳು, ಇಲಿಗೆ ಸಿಗಬಾರದು, ನಮಗೂ ಸಿಗಬಾರದು. ಅದರ ತುಂಬ ಕಟಕ ರೊಟ್ಟಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿದರೆ ಅದು ಹಪ್ಪಳದ ಹಾಗೆ ಗರಿಗರಿ ಆಗುತ್ತದೆ, ಮುರಿದರೆ ಕಟಕ್ ಅನ್ನುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಕೆಲಸಕ್ಕೆ ರಜೆ ಇದ್ದ ದಿನ ಅತ್ತೆ ಸೊಸೆ ಇಬ್ಬರೂ ಕೂತು ಬಡಿಯುತ್ತಿದ್ದರು. ಮಿಕ್ಕ ದಿನ ಪುಂಡಿಪಲ್ಯ ಅಥವಾ ಬೇಳೆ ಒಂದು ಕುದಿಸಿದರೆ ಸಾಕು, ಅದರಲ್ಲಿ ರೊಟ್ಟಿ ಮುರಿದು ನೆನೆಸಿ ಊಟ. ತೆಳ್ಳಗೆ, ಒಡೆಯದೆ, ಕಪ್ಪಾಗದೆ ಕಟಕ ರೊಟ್ಟಿ ಮಾಡುವವಳು ಆ ಅಂಗಳದಲ್ಲಿ ದೊಡ್ಡ ಹೆಂಗಸು. ಆಯಿ ದೊಡ್ಡ ಹೆಂಗಸು. ರೇಶನ್ ಅಕ್ಕಿ ತಂದು ಅನ್ನ ಮಾಡೋಣ ಅಂತ ಅವ್ವ ಆಗಾಗ ಎತ್ತುತ್ತಿದ್ದಳು.

"ಅನ್ನ ಜಡ್ಡಿನವ್ರು ಉಣ್ಣೂದು," ಅನ್ನುತ್ತಿದ್ದಳು ಆಯಿ.

"ಹಂಗಂದ್ರ ಈ ಊರ ತುಂಬ ಜಡ್ಡಿನವ್ರೇ ಅದಾರೇನ್ರಿ ಅತ್ತಿ?"

"ಮತ್ತ? ದವಾಖಾನಿ ಎಷ್ಟ ಅದಾವ ನೋಡು."

ಆಯಿಯದು ಇನ್ನೊಂದು ಕಟ್ಟಳೆ ಇತ್ತು. ಯಾರು ಬಂದು ಕೇಳಿದರೂ ರೊಟ್ಟಿ ಇಲ್ಲ ಅನ್ನಬಾರದು. ಆದರೆ ಮನೆಯಿಂದ ಹೊರಗೆ ಹೋದ ರೊಟ್ಟಿ ಮನೆಗೆ ತಿರುಗಿ ಬರಬಾರದು. ಬಂದರೆ ಒಲೆಗೆ ಕೇಡು. ಬುತ್ತಿಯಲ್ಲಿ ಅಪ್ಪ ಅರ್ಧ ರೊಟ್ಟಿ ಬಿಟ್ಟಿದ್ದರೆ ನಾನು ದಾರಿಯಲ್ಲೇ ತಿಂದು ಬರಬೇಕಿತ್ತು. ನಾನು ಗಟ್ಟಿಮುಟ್ಟಾಗಿ ಬೆಳೆದದ್ದಕ್ಕೆ ಈ ಕಟ್ಟಳೆಯೂ ಕಾರಣ.

ನಮ್ಮ ಓಣಿಯಿಂದ ಸ್ವಲ್ಪ ದೂರದಲ್ಲಿ ಕನ್ನಡ ಶಾಲೆ ಇತ್ತು. ಎರಡು ಅಂತಸ್ತಿನ ಹಳೆಯ ಕಟ್ಟಡ. ಅಲ್ಲಿಗೆ ಎರಡು ಥರದ ಮಕ್ಕಳು ಬರುತ್ತಿದ್ದರು: ನಮ್ಮಂಥ ಕಟ್ಟಡದವರು, ಮತ್ತು ನಿಜಾಮನ ಕಾಲದಿಂದ ಸರ್ಕಾರಿ ಕೆಲಸದಲ್ಲಿದ್ದವರ ಮನೆಯವರು. ಇಬ್ಬರೂ ಕನ್ನಡವೇ ಆಡುತ್ತಿದ್ದೆವು, ಒಬ್ಬರನ್ನೊಬ್ಬರು ಅಣಕಿಸುತ್ತಿದ್ದೆವು. ನಮ್ಮ ಆರನೆಯ ಇಯತ್ತೆಗೆ ಕಲಿಸಲು ಬಂದ ಸುಮಿತ್ರಾ ಅಕ್ಕೋರು ನಮ್ಮನ್ನೆಲ್ಲ ಬೆರೆಸಿ ತಂಡ ಮಾಡಿದರು. ಹೆಣ್ಣು ಮಾಸ್ತರರಿಗೆ ನಾವು ಅಕ್ಕೋರು ಅನ್ನುವುದು. ಒಂದು ತಂಡ ಪ್ರಾರ್ಥನೆಯ ಸಾಲು ನಿಲ್ಲಿಸಬೇಕು, ಒಂದು ತಂಡ ಕುಡಿಯುವ ನೀರು ತುಂಬಬೇಕು, ಒಂದು ಕವಾಯತು ಮಾಡಿಸಬೇಕು. ಶನಿವಾರ ಶಾಲೆ ಬಿಟ್ಟ ಮೇಲೆ ಹೊರಗಿನ ಕೆಲಸ: ಬೋರಿಂಗಿನ ಕೈಪಂಪಿನ ಸುತ್ತ ಕೆಸರು ಬಳಿಯುವುದು, ರೇಶನ್ ಅಂಗಡಿಯ ಸಾಲಿನಲ್ಲಿ ಮುದುಕಿಯರ ಬದಲು ನಿಲ್ಲುವುದು. ಪ್ರತಿ ತಂಡಕ್ಕೂ ಒಬ್ಬ ಮುಂದಾಳು. ಅಕ್ಕೋರು ಯಾವ ಕೆಲಸ ಹೇಗೆ ಮಾಡಬೇಕೆಂದು ಹೇಳುತ್ತಿರಲಿಲ್ಲ. ಮುಂದಾಳು ಹೇಳಬೇಕು, ಕೆಟ್ಟರೆ ಮುಂದಾಳೇ ಸರಿಮಾಡಬೇಕು. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ನೋಟಕ್ಕಿಂತ ಬೆತ್ತವೇ ಮೇಲಾಗಿತ್ತು.

ನಮ್ಮ ತಂಡಕ್ಕೆ ನಾನು ಮುಂದಾಳಾದೆ. ತಂಡದಲ್ಲಿದ್ದ ಪದ್ಮಾ ಆಗಬೇಕಿತ್ತು, ಅವಳ ತಂದೆ ಕಚೇರಿಯಲ್ಲಿ ದೊಡ್ಡ ಗುಮಾಸ್ತ, ಅವಳ ಅಕ್ಷರ ದುಂಡಗೆ. ಅಕ್ಕೋರು ನನ್ನನ್ನು ಕರೆದು ಬಿಸ್ಕೀಟಿನ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿದರು.

"ನಿನ್ನ ಧ್ವನಿ ಭಾಳ ದೊಡ್ಡದೈತಿ ನಾಗಮ್ಮ. ಬರೇ ಜಗಳಕ್ಕ ಖರ್ಚಾಗಾಕತ್ತೈತಿ. ಕೆಲಸಕ್ಕ ಹಚ್ಚೂಣು."

ಸಂಜೆ ಆಯಿ ಬಿಲ್ಲೆಯನ್ನು ಹಿಡಿದು ತಿರುಗಿಸಿ ನೋಡಿದಳು.

"ಡಬ್ಬಿ ಮುಚ್ಚಳ ಎದಿಮ್ಯಾಲ ಹಾಕ್ಕೊಂಡು ಬಂದೀಯಲ್ಲ, ಡಬ್ಬಿ ಎಲ್ಲೈತಿ?"

ಅವಳಿಗೆ ನನ್ನ ಶಾಲೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಕೈ ಸೋತಿವೆ, ರೊಟ್ಟಿ ಬಡಿಯಲು ಇನ್ನೊಂದು ಜೋಡಿ ಕೈ ಬೇಕು, ಆ ಕೈ ಮನೆಯಲ್ಲೇ ಇದೆ, ಸುಮ್ಮನೆ ಸೀಸದಕಡ್ಡಿ ಹಿಡಿದಿದೆ ಅನ್ನುತ್ತಿದ್ದಳು. ಅಪ್ಪ ಹೂಂ ಅನ್ನುತ್ತಿದ್ದ. ಅಪ್ಪನ ಹೂಂ ಯಾರ ಪಕ್ಷದ್ದು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಮೂಸಿ ಹೊಳೆಯ ದಂಡೆಯ ಗುಡಿಸಲುಗಳಿಗೆ ನೀರು ಹೊಕ್ಕಿತು. ಅಲ್ಲಿಯ ಜನರನ್ನು ತಂದು ನಮ್ಮ ಶಾಲೆಯ ಕೆಳಗಿನ ಕೋಣೆಗಳಲ್ಲಿ ಇಳಿಸಿದರು. ನಮಗೆ ಮೇಲಿನ ಅಂತಸ್ತಿನಲ್ಲಿ ಒತ್ತೊತ್ತಾಗಿ ಕೂರಿಸಿ ಪಾಠ. ಅಕ್ಕೋರು ನಮ್ಮ ತಂಡವನ್ನು ಕರೆದು, ಕೆಳಗೆ ಬಂದವರಿಗೆ ಏನು ಮಾಡಬೇಕು, ನೀವೇ ಹೇಳಿ ಅಂದರು.

"ಅವರನ್ನ ಕೇಳಿ ಬರೋಣಲ್ಲ?" ಅಂದಳು ಪದ್ಮಾ.

"ಕೇಳೂದೇನೈತಿ? ಹಸದಿರತಾರ," ಅಂದೆ ನಾನು. ನನ್ನ ಧ್ವನಿಯ ಮುಂದೆ ಅವಳದು ನಡೆಯಲಿಲ್ಲ. ಅಕ್ಕೋರು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು.

ಮನೆಗೆ ಹೋಗಿ ಆಯಿಗೆ ಬುಟ್ಟಿ ಕೇಳಿದೆ, ಇಡೀ ಬುಟ್ಟಿ. ಅವಳು ಇಲ್ಲ ಅನ್ನುವ ಹಾಗಿರಲಿಲ್ಲ, ಅವಳದೇ ಕಟ್ಟಳೆ. ಹಗ್ಗ ಸಡಿಲಿಸಿ ಬುಟ್ಟಿ ಇಳಿಸಿದಳು. ಮೇಲಿನ ಬಟ್ಟೆ ಸರಿಮಾಡಿ ಅದರ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದಳು.

"ಒಯ್ಯಿ. ಆದ್ರ ನೆನಪಿಡು. ಇದರಾಗ ಒಂದ ರೊಟ್ಟಿ ತಿರುಗಿ ಬಂದ್ರ ಅಥವಾ ಹಾಳಾದ್ರ, ಮರುದಿನದಿಂದ ನಿನ್ನ ಸಾಲಿ ಬಂದ್. ಒಲಿ ಮುಂದ ಕುಂದರಬೇಕು."

"ಆತು," ಅಂದೆ. ಹಸಿದವರು ರೊಟ್ಟಿ ಬಿಡುತ್ತಾರೆಂದು ನಮ್ಮ ಮನೆಯಲ್ಲಿ ಹುಟ್ಟಿದ ಯಾರಿಗೂ ಹೊಳೆಯುತ್ತಿರಲಿಲ್ಲ.

ತಂಡದವರು ಸೇರಿ ಹಂಚಿದೆವು. ಕೆಳಗಿನವರು ಎರಡು ಕೈಯಲ್ಲಿ ತೆಗೆದುಕೊಂಡರು. ನಾನು ಬಿಲ್ಲೆ ನೆಟ್ಟಗೆ ಮಾಡಿಕೊಂಡು ಮನೆಗೆ ಹೋದೆ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಖಾಲಿ ಬುಟ್ಟಿ ತರಲು ಕೆಳಗಿಳಿದರೆ ಬುಟ್ಟಿ ಖಾಲಿ ಇರಲಿಲ್ಲ. ಹೆಚ್ಚಿನ ರೊಟ್ಟಿ ತಿರುಗಿ ಅದರಲ್ಲೇ ಬಂದು ಕೂತಿದ್ದವು. ಉಳಿದವು ಕೋಣೆಯ ತುಂಬ ಕೆಲಸ ಮಾಡುತ್ತಿದ್ದವು. ಒಂದು ನೀರಿನ ಗಡಿಗೆಗೆ ಮುಚ್ಚಳವಾಗಿತ್ತು. ಇನ್ನೊಂದರಲ್ಲಿ ಯಾರೋ ಬೀಡಿ, ಕಡ್ಡಿಪೆಟ್ಟಿಗೆ ಇಟ್ಟು ಒದ್ದೆ ನೆಲದಿಂದ ಕಾಪಾಡಿದ್ದರು. ಒಬ್ಬ ಮುದುಕ ಒಂದರಿಂದ ಮಲಗಿದ ಕೂಸಿನ ಮೇಲಿನ ನೊಣ ಓಡಿಸುತ್ತಿದ್ದ. ನನ್ನ ಹಿಂದೆ ಬಂದಿದ್ದ ಪದ್ಮಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ನಗು ತಡೆಯಲಾಗಲಿಲ್ಲ.

"ನಾಗಮ್ಮ, ನಿಮ್ಮ ಆಯಿ ರೊಟ್ಟಿ ಬೀಸಣಿಗಿ ಆಗ್ಯದಲ್ಲ."

ಬುಟ್ಟಿಯ ಪಕ್ಕ ಕೂತಿದ್ದವಳು ಮಲ್ಲಮ್ಮ. ಬಜಾರಿನಲ್ಲಿ ಸೊಪ್ಪು ಮಾರುವ ತೆಲುಗಿನ ಹೆಂಗಸು, ಆ ಕೋಣೆಯಲ್ಲಿ ಎಲ್ಲರೂ ಅವಳ ಮಾತು ಕೇಳುತ್ತಿದ್ದರು. ಯಾಕೆ ತಿನ್ನಲಿಲ್ಲ ಅಂತ ನನ್ನ ಮುರುಕು ತೆಲುಗಿನಲ್ಲಿ ಕೇಳಿದೆ. ಅವಳು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ, ಮಗು ಅನ್ನುವ ಅವಳ ಬಿಡ್ಡಾ ಒಂದನ್ನು ಬಿಟ್ಟು.

"ಇದು ಯಾವ ಕಾಲದ ರೊಟ್ಟಿ ಬಿಡ್ಡಾ? ನಾವೂ ಜೋಳದ ರೊಟ್ಟಿ ತಿನ್ನೋರೇ. ಬಿಸಿಯಾಗಿ, ಮೆತ್ತಗೆ. ಇಷ್ಟು ಒಣಗಿದ್ದನ್ನ ನಾವು ಎಮ್ಮೆಗೆ ಹಾಕ್ತೀವಿ."

"ಇದು ಹಳೇದಲ್ಲ. ಹೀಗೇ ಮಾಡೋದು. ನಮ್ಮ ಮನೆಯಲ್ಲಿ ಇದೇ ಊಟ."

"ದಿನಾ?"

"ದಿನಾ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಪಾಪ," ಅಂದಳು. ಮನೆಮಠ ನೀರಲ್ಲಿ ಹೋದವಳು ನನಗೆ ಪಾಪ ಅಂದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಎಲ್ಲ ಹೇಳಿಬಿಟ್ಟೆ: ಇವು ಉಳಿದರೆ ನಾಳೆಯಿಂದ ನನ್ನನ್ನು ಶಾಲೆ ಬಿಡಿಸುತ್ತಾರೆ, ಒಲೆ ಮುಂದೆ ಕೂರಿಸುತ್ತಾರೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಪಕ್ಕದವರಿಗೂ ಹೇಳಿ ನಗಿಸಿದಳು.

"ಅಂದರೆ ನಾವು ಹಸಿದಿರೋದು ನಿನಗೆ ಬೇಕಾಗಿತ್ತು. ನಮಗೆ ಅನ್ನ ಗುಡಿಯಿಂದ ಬರ್ತಿದೆ ಬಿಡ್ಡಾ, ಬೇಕಾದಷ್ಟಿದೆ. ಅದನ್ನೇ ಅರ್ಧ ತಿಂದು ಅರ್ಧ ಬಿಡ್ತಿದೀವಿ."

"ಯಾಕೆ?"

"ತಿಂದರೆ ಹೋಗಬೇಕಲ್ಲ. ಎಲ್ಲಿಗೆ ಹೋಗೋಣ?"

ಗದ್ದ ಎತ್ತಿ ಅಂಗಳದ ಮೂಲೆಯನ್ನು ತೋರಿಸಿದಳು. ಅಲ್ಲಿ ಹುಡುಗಿಯರ ಪಾಯಖಾನೆ. ಬಾಗಿಲಿಗೆ ಕೀಲಿ. ನಮ್ಮಲ್ಲಿ ಯಾರಾದರೂ ಕೇಳಿದರೆ ತೆಗೆದು, ಕೂಡಲೇ ಮತ್ತೆ ಹಾಕುತ್ತಿದ್ದರು, ಬಂದವರು ಹೊಲಸು ಮಾಡುತ್ತಾರೆಂದು. ಗಂಡಸರು ಗೋಡೆ ಹಾರಿ ಎಲ್ಲೋ ಹೋಗುತ್ತಿದ್ದರು. ಹೆಂಗಸರು ಕತ್ತಲಾಗುವವರೆಗೆ ಕಾಯುತ್ತಿದ್ದರು. ಅವಳ ಮಗಳು ನೀರು ಕುಡಿಯುವುದನ್ನೂ ಬಿಟ್ಟಿದ್ದಳು. ನಾನು ದಿನಾ ಆ ಕೀಲಿಯ ಮುಂದೆ ಓಡಾಡಿದ್ದೆ, ನೋಡಿರಲಿಲ್ಲ.

"ಆ ಕೀಲಿ ತೆಗೆಸು. ನಿನ್ನ ರೊಟ್ಟಿ ಒಂದೂ ಉಳಿಸಲ್ಲ," ಅಂದಳು ಮಲ್ಲಮ್ಮ. ಸೊಪ್ಪಿನ ಕಟ್ಟು ಮಾರುವಾಗಿನ ಹಾಗೆ ಕೈ ಚಾಚಿದಳು. ನಾನು ಅವಳ ಕೈ ಮುಟ್ಟಿದೆ.

ಹೆಡ್ ಮಾಸ್ತರರ ಕೋಣೆಗೆ ಹುಡುಗಿಯರು ಹೋಗುತ್ತಿದ್ದದ್ದು ಬೈಸಿಕೊಳ್ಳಲು ಮಾತ್ರ. ಬಾಗಿಲಲ್ಲಿ ನಿಂತು ಅಪ್ಪನನ್ನು ಕರೆಯುವ ಧ್ವನಿಯಲ್ಲಿ ಸರ್ ಅಂದೆ. ಅವರ ಕೈಯಲ್ಲಿದ್ದ ಬಸಿ ಅಲುಗಿ ಚಹಾ ಚೆಲ್ಲಿತು.

"ಕೀಲಿಕೈ ಬೇಕ್ರಿ ಸರ್. ಪಾಯಖಾನಿದು. ಕೆಳಗಿನ ಹೆಂಗಸರಿಗೆ."

"ಹೊಲಸ ಮಾಡ್ತಾರ. ತೊಳಿಯಾಂವ ಮಳಿ ಅಂತ ಬರಾಕತ್ತಿಲ್ಲ. ಯಾರು ತೊಳೀಬೇಕು?"

ನಮ್ಮ ತಂಡ ತೊಳೆಯುತ್ತದೆ ಅನ್ನಲು ಬಾಯಿ ತೆರೆದೆ. ತಂಡವನ್ನು ನಾನು ಕೇಳಿರಲಿಲ್ಲ. ಬಾಯಿ ಮುಚ್ಚಿ ಮತ್ತೆ ತೆರೆದೆ.

"ನಾ ತೊಳೀತೀನ್ರಿ ಸರ್."

"ನೀನೊಬ್ಬಾಕಿನಾ?"

"ಸದ್ಯ ನಾನೊಬ್ಬಾಕಿ. ಉಳದವ್ರನ್ನ ಕೇಳ್ತೀನ್ರಿ."

ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿ ಹೊರಗೆ ಸುಮಿತ್ರಾ ಅಕ್ಕೋರು ನಿಂತಿದ್ದರು, ಎಂದಿನ ಹಾಗೆ ನೋಡುತ್ತ. ಮಾಸ್ತರರು ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದು ಕೊಟ್ಟರು. ನಾಳೆ ಶಾಲೆ ಗಂಟೆಯ ಹೊತ್ತಿಗೆ ಸ್ವಚ್ಛ ಕಾಣದಿದ್ದರೆ ಮತ್ತೆ ಹಾಕುತ್ತೇನೆ ಅಂದರು.

ಮಲ್ಲಮ್ಮ ಮಾತು ಉಳಿಸುವ ಹೆಂಗಸು. ಕೀಲಿ ತೆಗೆದು, ಹೆಂಗಸರೆಲ್ಲ ಹೋಗಿ ಬಂದು, ಕೈಕಾಲು ತೊಳೆದು ಕೂತ ಮೇಲೆ ಬುಟ್ಟಿಯನ್ನು ನಡುವೆ ಎಳೆದಳು. ಸಂಜೆ ಮೂಲೆಯ ಹೋಟೆಲಿನವರು ಅವರಿಗೆ ಕ್ಯಾನಿನಲ್ಲಿ ಚಹಾ ಕಳಿಸುತ್ತಿದ್ದರು. ಈ ಊರಿನವರು ಚಹಾದಲ್ಲಿ ಏನನ್ನಾದರೂ ಅದ್ದುತ್ತಾರೆ. ರೊಟ್ಟಿ ಮುರಿದು ಅದ್ದಿದರು. ಮುದುಕ ಬೀಸಣಿಗೆಯನ್ನು ಮುರಿದು ಅದ್ದಿದ. ಹಲ್ಲಿಲ್ಲದವರು ಚೀಪಿದರು, ಹಲ್ಲಿದ್ದವರು ಮುಖ ಒಂದು ಥರ ಮಾಡಿಕೊಂಡು ಅಗಿದರು. ಸೆರೆಯಲ್ಲಿ ಹಾಕಿದವರ ಹಾಗೆ ಕೂತು ತಿಂದರು, ನನ್ನನ್ನು ನೋಡಿ ನೋಡಿ ನಕ್ಕರು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಆಯಿ. ತಲೆಯ ಮೇಲೆ ಗೋಣಿಚೀಲ ಹೊದ್ದು, ಮಳೆಯಲ್ಲಿ ನೆನೆದು ಬಂದಿದ್ದಳು. ರೊಟ್ಟಿ ಬೀಸಣಿಗೆಯಾದ ಸುದ್ದಿ ಅವಳನ್ನು ಮುಟ್ಟಿತ್ತು. ಪದ್ಮಾ ನಮ್ಮ ಓಣಿಯ ಹುಡುಗಿಯರಿಗೆ ಹೇಳಿದ್ದಳು. ಆಯಿ ನನ್ನ ಶಾಲೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು.

"ಏನ್ ಮಾಡಾಕತ್ತೀರಿ ನೀವು?"

ಮಲ್ಲಮ್ಮನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಬಂದವಳು ಯಾರೆಂದು ಹೇಳಬೇಕಾಗಿರಲಿಲ್ಲ. "ನಿಮ್ಮ ರೊಟ್ಟಿ ತಿಂತಿದೀವಮ್ಮಾ. ಬಲು ರುಚಿ," ಅಂದಳು ತೆಲುಗಿನಲ್ಲಿ. ಇಷ್ಟು ವರ್ಷ ಈ ಊರಲ್ಲಿದ್ದ ಆಯಿಗೆ ಅಷ್ಟು ತಿಳಿಯುತ್ತಿತ್ತು.

"ಚಹಾದಾಗ?"

"ಚಹಾದಲ್ಲೇ ರುಚಿ."

ಆಯಿ ಬುಟ್ಟಿಯ ಬಟ್ಟೆ ಎತ್ತಿದಳು. ಖಾಲಿ. ನಾನು ಉಸಿರು ಬಿಟ್ಟೆ. ಆದರೆ ಅವಳ ಕಣ್ಣು ಗೋಡೆಗುಂಟ ಹರಿದು ಮೂಲೆಯ ಗಡಿಗೆಯ ಕಡೆ ಹೋಯಿತು. ಮುಚ್ಚಳವಾಗಿದ್ದ ರೊಟ್ಟಿಯನ್ನು ನಾವೆಲ್ಲ ಮರೆತಿದ್ದೆವು. ಅದು ಅಲ್ಲೇ ಇತ್ತು. ಮಲ್ಲಮ್ಮ ಆಯಿಯ ಕಣ್ಣಿನ ಹಿಂದೆಯೇ ಹೋದಳು. ನಿಧಾನಕ್ಕೆ ಎದ್ದು ಅದನ್ನು ಗಡಿಗೆಯ ಬಾಯಿಯಿಂದ ತೆಗೆದಳು, ಸೆರಗಿನಿಂದ ಎರಡೂ ಮಗ್ಗುಲು ಒರೆಸಿದಳು, ಬಾಯಿಗಿಟ್ಟು ಕಡಿದಳು. ಚಹಾ ಇಲ್ಲ, ಏನಿಲ್ಲ. ಕಟಕ್ ಅಂತ ಇಡೀ ಕೋಣೆಗೆ ಕೇಳಿತು. ಇಡೀ ರೊಟ್ಟಿ ಮುಗಿಯುವವರೆಗೆ ಆಯಿಯನ್ನೇ ನೋಡುತ್ತ ಅಗಿದಳು. ಆಯಿಯೂ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಆಯಿ ಖಾಲಿ ಬುಟ್ಟಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಇಬ್ಬರೂ ಮನೆಯ ಕಡೆ ನಡೆದೆವು. ಓಣಿಯ ತಿರುವಿನಲ್ಲಿ ಆಯಿ ಕೇಳಿದಳು.

"ಕಡೀಕ ತಿಂದಳಲ್ಲ, ಅದು ಮುಚ್ಚಳ ಆಗಿತ್ತು ಹೌದಿಲ್ಲ?"

"ಹೌದ."

"ಹಲ್ಲ ಗಟ್ಟಿ ಅದಾವ ಆಕಿವು."

ಇನ್ನೂ ಸ್ವಲ್ಪ ದೂರ ನಡೆದ ಮೇಲೆ, "ಯಾವದೂ ತಿರುಗಿ ಬಂದಿಲ್ಲ. ಹೋಗು ನಿನ್ನ ಸಾಲಿಗಿ," ಅಂದಳು. ಆ ಮಾತಿನ ಮೇಲೆ ನಾನು ಆ ಇಯತ್ತೆ ಮುಗಿಸಿ ಇನ್ನೂ ಒಂದು ವರ್ಷ ಓದಿದೆ. ಅಕ್ಷರ ಗಟ್ಟಿಯಾದದ್ದು ಆ ವರ್ಷದಲ್ಲಿ. ಈಗ ಬರೆಯುತ್ತಿರುವುದು ಅದರ ಬಂಡವಾಳದಲ್ಲೇ.

ಹಿಂದಿನ ರಾತ್ರಿ ಬರೀ ಬೇಳೆ ಕುಡಿದು ಮಲಗಿದ್ದೆವು. ಊಟಕ್ಕೆ ಅವತ್ತೂ ರೊಟ್ಟಿ ಇಲ್ಲ, ಬುಟ್ಟಿ ಖಾಲಿ. ಅವ್ವ ಯಾರನ್ನೂ ಕೇಳದೆ ಅಕ್ಕಿ ತಂದು ಅನ್ನ ಮಾಡಿದ್ದಳು. ಆಯಿ ಜಡ್ಡಿನವರ ಹಾಗೆ ಮುಖ ಮಾಡಿಕೊಂಡು ಎರಡು ಸಲ ಹಾಕಿಸಿಕೊಂಡಳು. ಎಲ್ಲರ ಹೊಟ್ಟೆ ತಣ್ಣಗಿದ್ದಾಗ ಹೇಳುವುದು ಒಳ್ಳೆಯದೆಂದು ನಾನು ಆಗ ಕೀಲಿಕೈಯ ಸಂಗತಿ ಎತ್ತಿದೆ. ಬೆಳಿಗ್ಗೆ ಬೇಗ ಹೋಗಬೇಕು, ಪಾಯಖಾನೆ ತೊಳೆಯಬೇಕು. ಆಯಿ ತಟ್ಟೆ ದೂಡಿದಳು.

"ಕಂಡವರ ಪಾಯಖಾನಿ ತೊಳೀತಿ? ಇದಕ್ಕ ಕಳಸಾಕತ್ತೀವೇನ ಸಾಲಿಗಿ? ನಾಳೆ ನಿನ್ನ ಯಾರು ಮಾಡ್ಕೋತಾರ? ಏ, ನಿನ್ನ ಮಗಳಿಗಿ ಹೇಳಪ್ಪ."

ಅಪ್ಪ ಹೂಂ ಅಂದ. ಆಗ ಅವ್ವ, ಅತ್ತೆಯ ಮುಂದೆ ಚೇಷ್ಟೆ ಬಿಟ್ಟು ಎಂದೂ ಎದುರಾಡದ ನಮ್ಮವ್ವ, ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲಿ ಇಟ್ಟಳು.

"ಅತ್ತಿ, ನಾ ದಿನಾ ಮುಂಜಾನಿಂದ ಸಂಜಿತನಕ ಕಟ್ಟಡದಾಗ ಇರ್ತೀನಿ. ಎಲ್ಲಿ ಹೋಗ್ತೀನಿ ಅಂತ ನೀವು ಒಂದ ದಿನ ಕೇಳೀರೇನ್ರಿ?"

ಅಪ್ಪ ಅದೇ ಕಟ್ಟಡದಲ್ಲಿ ಕೆಲಸ ಮಾಡುವವನು. ಅವನ ಕೈ ತುತ್ತಿನ ಮೇಲೆ ನಿಂತಿತು. ಅಷ್ಟರಲ್ಲಿ ಮಳೆಯೂ ನಿಂತಿತ್ತು, ತಗಡು ಸದ್ದು ಮಾಡಲಿಲ್ಲ.

"ಆಕಿ ಹೋಗಲಿ," ಅಂದಳು ಅವ್ವ, ಮತ್ತೆ ಸೌಟು ತೆಗೆದುಕೊಂಡಳು. ಆಯಿ ದೂಡಿದ ತಟ್ಟೆಯನ್ನು ತಾನೇ ಹತ್ತಿರ ಎಳೆದುಕೊಂಡಳು. ಮಲಗುವ ಮುಂಚೆ ಒಲೆಯ ಬೂದಿಯನ್ನು ಒಂದು ಡಬ್ಬಿಗೆ ತುಂಬಿ ನನ್ನ ಪಾಟೀಚೀಲದ ಪಕ್ಕ ಇಟ್ಟಳು. ತೊಳೆಯಲು ಬೂದಿಯಷ್ಟು ಒಳ್ಳೆಯದು ಆಗ ಬೇರೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು, ಬೂದಿಯ ಡಬ್ಬಿ ಮತ್ತು ಮೊಂಡು ಕಸಬರಿಗೆ ಹಿಡಿದು ಮೊದಲು ಪದ್ಮಾಳ ಮನೆಗೆ ಹೋದೆ. ಬೆರಳಿಗೆ ಹಲ್ಲುಪುಡಿ ಹಚ್ಚಿಕೊಂಡು ಬಾಗಿಲಿಗೆ ಬಂದಳು. ಪಾಯಖಾನಿ ತೊಳಿಯಾಕ ಬರ್ತೀಯೇನ, ಬರದಿದ್ರೂ ನಡೀತೈತಿ ಅಂದೆ. ಒಳಗೆ ತಿರುಗಿ ನೋಡಿ, ಅದರೊಳಗ ಬರಂಗಿಲ್ಲ, ನೀರು ತಂದು ಕೊಡ್ತೀನಿ ಅಂದಳು. ಆಯಿತು ಅಂದೆ. ಶಾಲೆಯ ಅಂಗಳದಲ್ಲಿ ಪಾಯಖಾನೆಯ ಮುಂದೆ ಹೆಂಗಸರ ಸಾಲು ನಿಂತಿತ್ತು, ಮುಂದೆ ಮಲ್ಲಮ್ಮನ ಮಗಳು. ತೊಳೆದು ಆಮೇಲೆ ಅವರನ್ನು ಬಿಡಬೇಕೆಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಆ ಹುಡುಗಿಯ ಮುಖ ನೋಡಿ, ಮೊದಲು ತೊಳೆಯಲೋ, ನೀವು ಹೋಗುತ್ತೀರೋ ಅಂತ ಮಲ್ಲಮ್ಮನನ್ನು ಕೇಳಿದೆ. ಮೊದಲು ನಾವು ಅಂದಳು. ಬಿಲ್ಲೆ ಗುಂಡಿಗೆ ಬೀಳಬಾರದೆಂದು ಬಿಚ್ಚಿ ಅವಳ ಕೈಗೆ ಕೊಟ್ಟೆ, ಲಂಗ ಎತ್ತಿ ಸಿಕ್ಕಿಸಿಕೊಂಡೆ, ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತೆ. ಸಾಲು ಕರಗಿದ ಮೇಲೆ ಒಳಗೆ ಹೋಗಿ ತೊಳೆದೆ.